ಆಕಾಶದಿಂದ ಬರೆದ ಲೆಕ್ಕ

ಜರ್ಮನಿಯ ಬಂದರು ನಗರವಾದ ಹ್ಯಾಂಬರ್ಗಿನ ಮೇಲೆ 1943ರ ಜುಲೈ 24ರಿಂದ ಆಗಸ್ಟ್ 3ರವರೆಗೆ ರಾತ್ರಿ ಬ್ರಿಟಿಷರ, ಹಗಲು ಅಮೆರಿಕನ್ನರ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಜುಲೈ 27ರ ರಾತ್ರಿ ಹಾಮರ್‌ಬ್ರೂಕ್ ಮೊದಲಾದ ಕಾರ್ಮಿಕರ ಬಡಾವಣೆಗಳಲ್ಲಿ ಬಿಡಿಬಿಡಿಯಾಗಿ ಹೊತ್ತಿದ ಬೆಂಕಿಗಳೆಲ್ಲ ಒಂದಾಗಿ ಬಿರುಗಾಳಿಯ ರೂಪ ತಾಳಿದವು. ಆ ದಾಳಿಗಳಲ್ಲಿ 34,000ದಿಂದ 40,000 ಜನ ಮಡಿದರೆಂದು ಇತಿಹಾಸಕಾರರ ಅಂದಾಜು. ಸುಮಾರು 9 ಲಕ್ಷ ಜನ ಊರು ತೊರೆದರು.

ಹೊಗೆ ತಿಳಿಯಾದ ಮೇಲೆ ಬ್ರಿಟಿಷರ ವೀಕ್ಷಣಾ ವಿಮಾನಗಳು ಬಹು ಎತ್ತರದಿಂದ ನಗರದ ಛಾಯಾಚಿತ್ರಗಳನ್ನು ತೆಗೆದವು. ಇಂಗ್ಲೆಂಡಿನ ಮೆಡ್ಮೆನ್‌ಹ್ಯಾಮಿನಲ್ಲಿ ಪರಿಣತರು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದ ಜೋಡಿ ಚಿತ್ರಗಳನ್ನು ಎರಡು ಮಸೂರಗಳ ಉಪಕರಣದಲ್ಲಿಟ್ಟು ನೋಡುತ್ತಿದ್ದರು. ಆಗ ಚಪ್ಪಟೆ ಚಿತ್ರದಿಂದ ಗೋಡೆಗಳು ಎದ್ದು ನಿಂತಂತೆ ಕಾಣುತ್ತಿದ್ದವು. ಛಾವಣಿ ಸುಟ್ಟು ಗೋಡೆಯಷ್ಟೇ ಉಳಿದ ಮನೆಗಳ ಸಾಲು ಬರಿದಾದ ಜೇನುಹುಟ್ಟಿನಂತೆ ತೋರುತ್ತಿತ್ತು. ನಾಶವನ್ನು ಎಕರೆಗಳಲ್ಲಿ, ಶೇಕಡಾವಾರಿನಲ್ಲಿ ದಾಖಲಿಸಲಾಗುತ್ತಿತ್ತು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಷ್ಟು ಎತ್ತರದಿಂದ ಮನುಷ್ಯರು ಕಾಣುವುದಿಲ್ಲವಾದ್ದರಿಂದ ಅದರಲ್ಲಿ ಅವರಿಗೆ ಅಂಕಣವೇ ಇರಲಿಲ್ಲ.

ಯುದ್ಧ ಮುಗಿದರೂ ಆ ಚಿತ್ರಗಳ ಕೆಲಸ ಮುಗಿಯಲಿಲ್ಲ. ಬಿದ್ದ ಬಾಂಬುಗಳಲ್ಲಿ ನೂರಕ್ಕೆ 10ರಿಂದ 15 ಸಿಡಿಯದೆ ನೆಲದೊಳಗೆ ಹೂತುಹೋದುವೆಂಬ ಅಂದಾಜಿದೆ. ಅವುಗಳಲ್ಲಿ ಕೆಲವಕ್ಕೆ ನಿಧಾನವಾಗಿ ಸಿಡಿಯುವ ಕೀಲಿಯಿತ್ತು: ಗಾಜಿನ ಕುಪ್ಪಿಯೊಡೆದು ಸುರಿದ ಅಸಿಟೋನ್ ದ್ರಾವಣವು ಸೆಲ್ಯುಲಾಯ್ಡ್ ಬಿಲ್ಲೆಗಳನ್ನು ಕರಗಿಸಿ ಸಿಡಿಮೊಳೆಯನ್ನು ಬಿಡಿಸಬೇಕು. ಪೂರ್ತಿ ಕರಗದೆ ಉಳಿದ ಬಿಲ್ಲೆಗಳು ವರ್ಷಗಳು ಕಳೆದಂತೆ ಶಿಥಿಲವಾಗುತ್ತವೆ. ಹೀಗಾಗಿ ಹಳೆಯ ಬಾಂಬು ಹಳತಾದಷ್ಟೂ ಅಪಾಯಕಾರಿ. 2010ರಲ್ಲಿ ಗೊಟ್ಟಿಂಗೆನ್ ನಗರದಲ್ಲಿ ಅಂತಹ ಬಾಂಬೊಂದು ಸಿಡಿದು, ಅದನ್ನು ನಿಷ್ಕ್ರಿಯಗೊಳಿಸಲು ಬಂದಿದ್ದ ಮೂವರು ಮೃತರಾದರು. ಯುದ್ಧ ಮುಗಿದು ಆಗಲೇ 65 ವರ್ಷಗಳಾಗಿದ್ದವು. 2017ರ ಸೆಪ್ಟೆಂಬರ್ 3ರಂದು ಫ್ರಾಂಕ್‌ಫರ್ಟಿನಲ್ಲಿ 1.8 ಟನ್ ತೂಕದ ಒಂದು ಬಾಂಬಿಗಾಗಿ 60,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರನಡೆಯಬೇಕಾಯಿತು.

ಇವನ್ನು ಹುಡುಕುವುದು ಹೇಗೆ? 1980ರ ದಶಕದಿಂದ ಜರ್ಮನಿಯ ಅಧಿಕಾರಿಗಳು ಬ್ರಿಟನ್ನಿನ ದಾಖಲೆಗಳಲ್ಲಿದ್ದ ಅದೇ ಛಾಯಾಚಿತ್ರಗಳ ಪ್ರತಿಗಳನ್ನು ತರಿಸಿಕೊಂಡರು. ಸಿಡಿದ ಬಾಂಬು ಅಗಲವಾದ ಕುಳಿ ತೋಡುತ್ತದೆ. ಸಿಡಿಯದ್ದು ಚಿತ್ರದಲ್ಲಿ ಒಂದು ಸಣ್ಣ ಚುಕ್ಕೆ ಮಾತ್ರ. ಹ್ಯಾಂಬರ್ಗಿನಲ್ಲಿ ಅಡಿಪಾಯ ಅಗೆಯುವ ಮುನ್ನ ಆ ಚುಕ್ಕೆಗಳನ್ನು ಅರಸುತ್ತಾರೆ. ಕಾರ್ಮಿಕರ ಬಡಾವಣೆಯಾಗಿದ್ದ ಹಾಮರ್‌ಬ್ರೂಕ್ ಯುದ್ಧಾನಂತರ ಮೊದಲಿನಂತೆ ವಸತಿಯ ನೆಲೆಯಾಗಲಿಲ್ಲ. ಅಲ್ಲಿ ಈಗ ಹೆಚ್ಚಾಗಿ ಕಚೇರಿಗಳಿವೆ.

ಕೊಂದುದನ್ನು ಅಳೆಯಲು ತೆಗೆದ ಚಿತ್ರ ಇಂದು ಪ್ರಾಣ ಕಾಯುತ್ತಿದೆ. ಇದರಿಂದ ಆ ದಾಳಿ ಸಮರ್ಥನೀಯವಾಗುವುದಿಲ್ಲ. ವ್ಯಾಪಾರದಲ್ಲಿ ಸಾಲಪತ್ರ ಬರೆದವನು ತೀರಿಕೊಂಡರೂ ಸಾಲ ಉಳಿಯುತ್ತದೆ. ಹಿಂಸೆಯ ಬಾಕಿಯೂ ಹಾಗೆಯೇ. ಯಾರ ಕೈಯೂ ಇಲ್ಲದ ಮಕ್ಕಳ ಕಾಲಬುಡದಲ್ಲಿ ಅದು ಕಾದಿರುತ್ತದೆ. ಆದುದರಿಂದ ಲೆಕ್ಕವನ್ನು ಸುಡದೆ ಕಾಪಾಡಿದವರಿಗೂ, ತಾಳ್ಮೆಯಿಂದ ಚುಕ್ಕೆ ಹುಡುಕುವವರಿಗೂ ನಾವು ಋಣಿಗಳು.