ಕೊಕ್ಕು ಕಾಣದ ಬಾತುಕೊಕ್ಕಿನ ಪ್ರಾಣಿ

ಹುಣಸೂರಿನ ಬಳಿಯ ಗುರುಪುರದಲ್ಲಿ ಹುಡುಗನಾಗಿದ್ದಾಗ, ಬಂಡೆಯೊಳಗೆ ರಾಕ್ಷಸರ ಮೂಳೆಗಳಿವೆಯೆಂದು ನಂಬಿ ಸುತ್ತಿಗೆ ಹಿಡಿದು ಹೊರಟದ್ದುಂಟು. ಸಿಕ್ಕೀತೆಲ್ಲಿಂದ? ನಮ್ಮ ಸೀಮೆಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೂಳೆಯೆಂಬುದೇ ಆಗಿನ್ನೂ ಹುಟ್ಟಿರಲಿಲ್ಲ.

ಮೂಳೆ ಸಿಕ್ಕವರ ಪಾಡೂ ವಿಚಿತ್ರವೇ. ಅಮೆರಿಕದ ಹ್ಯಾಡನ್‌ಫೀಲ್ಡಿನಲ್ಲಿ 1838ರ ಸುಮಾರಿಗೆ ಗೊಬ್ಬರದ ಮಣ್ಣು ಅಗೆಯುವಾಗ ಭಾರೀ ಮೂಳೆಗಳು ಕಂಡವು. ಹೊಲದ ಯಜಮಾನ ಅವನ್ನು ಮನೆಯಲ್ಲಿಟ್ಟ. ಬಂದ ನೆಂಟರಿಷ್ಟರು ಒಂದೊಂದಾಗಿ ಒಯ್ದರು. 1858ರಲ್ಲಿ ವಿಲಿಯಂ ಫೌಲ್ಕ್ ಎಂಬಾತ ಅದೇ ಗುಂಡಿಯನ್ನು ಮತ್ತೆ ತೋಡಿಸಿದ. ಉಳಿದದ್ದನ್ನು ಪರೀಕ್ಷಿಸಿದ ಜೋಸೆಫ್ ಲೀಡಿ, ಪ್ರಾಣಿಗೆ ಹ್ಯಾಡ್ರೊಸಾರಸ್ ಎಂದು ಹೆಸರಿಟ್ಟ. ಮುಂಗಾಲು ಗಿಡ್ಡವಾದ್ದರಿಂದ ಇದು ಹಿಂಗಾಲ ಮೇಲೆ ನಿಲ್ಲಬಲ್ಲದೆಂದೂ ತರ್ಕಿಸಿದ.

1868ರಲ್ಲಿ ಫಿಲಡೆಲ್ಫಿಯದಲ್ಲಿ ಅಸ್ಥಿಪಂಜರವನ್ನು ನಿಲ್ಲಿಸಹೊರಟರೆ ತಲೆಯೇ ಇಲ್ಲ! ಹಾಕಿನ್ಸ್ ಎಂಬ ಶಿಲ್ಪಿ ಇಗ್ವಾನವೆಂಬ ಹಲ್ಲಿಯ ತಲೆಯನ್ನು ನೋಡಿ ಒಂದನ್ನು ಮಾಡಿಟ್ಟ. ನಗಬೇಡಿ, ಮೊದಲ ಗರಿಗಳು ಕಳೆದುಹೋದ ಓಲೆಕಟ್ಟಿನೆದುರು ಕುಳಿತ ನಮ್ಮ ಸಂಪಾದಕರೂ ಹೀಗೆಯೇ ಊಹಿಸಿದ್ದಾರೆ. ಬಾತುಕೊಕ್ಕಿನ ಬಂಧುಗಳು ಆಮೇಲೆ ತಲೆಸಹಿತ ಎಷ್ಟೋ ಸಿಕ್ಕವು. ಆ ಕುಲಕ್ಕೆಲ್ಲ ಶಾಸ್ತ್ರದ ಹೆಸರು ಕೊಟ್ಟ ಹ್ಯಾಡ್ರೊಸಾರಸಿನದು ಮಾತ್ರ ಕೆಲವು ಹಲ್ಲು, ದವಡೆಯ ಚೂರು. ಅದರ ಕೊಕ್ಕನ್ನು ಇಂದಿಗೂ ಯಾರೂ ಕಂಡಿಲ್ಲ. ನೆಂಟರು ಒಯ್ದ ಬೆನ್ನೆಲುಬುಗಳೂ ಹಿಂದಿರುಗಲಿಲ್ಲ.