ಕಥನ ಬದಲಿಸುವ ಕಸುವು: ಅಪರಾಧ ನ್ಯಾಯದ ಕುರಿತ ಜನಾಭಿಪ್ರಾಯ ಮತ್ತು ಸ್ವಯಂಸೇವಾ ಸಂಸ್ಥೆಗಳ ಸಾಮರ್ಥ್ಯದ ಅಳತೆ

2022ರ ಮೇ 20ರಂದು ಸುಪ್ರೀಂ ಕೋರ್ಟಿನಿಂದ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು ಮನೋಜ್ ವಿರುದ್ಧ ಮಧ್ಯಪ್ರದೇಶ ಸರ್ಕಾರ ಪ್ರಕರಣದ ತೀರ್ಪು. ಗಲ್ಲುಶಿಕ್ಷೆಯ ಮಾತು ಬಂದಾಗ ಅಪರಾಧಿಯ ಬಾಲ್ಯ, ಬಡತನ, ಓದು, ಮಾನಸಿಕ ಸ್ಥಿತಿ, ಜೈಲಿನಲ್ಲಿ ಅವನ ನಡತೆ ಇವೆಲ್ಲದರ ವಿವರ ನ್ಯಾಯಾಲಯದ ಮುಂದಿರಲೇಬೇಕು ಎಂದು ಅದು ಹೇಳಿತು. ಎರಡನೆಯದು, 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತದ್ದರ ಬಗ್ಗೆ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ ಕೊಟ್ಟ ವರದಿ. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರೆಂದೂ ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ಆಯೋಗ ಕಂಡುಕೊಂಡಿತ್ತು. ವರದಿಯನ್ನು ಓದಿದವರು ಎಷ್ಟು ಮಂದಿ? ಎನ್‌ಕೌಂಟರ್ ನಡೆದ ಬೆಳಿಗ್ಗೆ ಪೊಲೀಸರ ಮೇಲೆ ಜನ ಹೂವಿನ ಪಕಳೆ ಎರಚಿದ ದೃಶ್ಯವಂತೂ ಎಲ್ಲರಿಗೂ ನೆನಪಿದೆ. ಅಲ್ಲಿನ ಪೊಲೀಸ್ ಆಯುಕ್ತರು ಹುಬ್ಬಳ್ಳಿ ಮೂಲದವರೆಂಬ ಕಾರಣಕ್ಕೆ ಕನ್ನಡದ ವಾಹಿನಿಗಳಲ್ಲಿ ಅದು ನಮ್ಮೂರಿನ ಹೆಮ್ಮೆಯೂ ಆಗಿತ್ತು.

ನ್ಯಾಯಪೀಠ ಒಂದು ಕಥೆಯನ್ನು ಕೇಳಿಸಿಕೊಂಡಿತು, ಬೀದಿ ಇನ್ನೊಂದನ್ನು ಹಿಡಿದುಕೊಂಡಿತು. ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಜನ ಯೋಚಿಸುವ ಬಗೆಯನ್ನೇ ಬದಲಿಸುತ್ತೇವೆಂದು ಹೊರಟ ಸಂಸ್ಥೆಗಳ ಸಾಮರ್ಥ್ಯವನ್ನು ಅಳೆಯುವವರು ಈ ಎರಡರಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದು ಈ ಲೇಖನದ ಪ್ರಶ್ನೆ. ಸಂಸ್ಥೆಗಳ ವಾರ್ಷಿಕ ವರದಿಗಳು ಸಾಮಾನ್ಯವಾಗಿ ಎಣಿಸುವುದು ಕಾರ್ಯಾಗಾರ, ಪ್ರಕಟಣೆ, ಪತ್ರಿಕೆಯಲ್ಲಿ ಬಂದ ಉಲ್ಲೇಖ, ವೀಕ್ಷಣೆಗಳನ್ನು. ಅಮೆರಿಕದಲ್ಲಿ ‘ಕಲರ್ ಆಫ್ ಚೇಂಜ್’ ಸಂಸ್ಥೆಯನ್ನು ಮುನ್ನಡೆಸಿದ ರಶಾದ್ ರಾಬಿನ್ಸನ್ 2018ರಲ್ಲೇ ಇದರ ದೋಷವನ್ನು ತೋರಿಸಿದ್ದರು. ಮಾಧ್ಯಮದಲ್ಲಿ ಕಾಣಿಸಿಕೊಳ್ಳುವುದು ಬೇರೆ, ಆಟದ ನಿಯಮವನ್ನು ಬದಲಿಸುವ ಬಲ ಬೇರೆ ಎಂಬುದು ಅವರ ವಾದ. ಅದನ್ನು ಒಪ್ಪುತ್ತಲೇ ಇನ್ನೊಂದು ಹೆಜ್ಜೆ ಮುಂದಿಡಬೇಕೆಂಬುದು ನನ್ನ ಅಭಿಪ್ರಾಯ. ಸಂಸ್ಥೆ ಹೇಳಲು ಸುಲಭವಾದ ಕಥೆಯಲ್ಲಿ ಗೆದ್ದದ್ದನ್ನು ಸಾಮರ್ಥ್ಯವೆಂದು ಬರೆದುಕೊಂಡರೆ, ಅದು ತಪ್ಪಿಸಿಕೊಂಡ ಕಥೆಯಲ್ಲಿ ಸೋತದ್ದು ಎಲ್ಲೂ ದಾಖಲಾಗುವುದಿಲ್ಲ.

ಅಳೆಯುವ ಕೆಲಸ ಅಸಾಧ್ಯವೇನಲ್ಲ. ಫ್ರಾಂಕ್ ಬಾಮ್‌ಗಾರ್ಟ್ನರ್, ಸುಝಾನಾ ಡಿ ಬೋಫ್ ಮತ್ತು ಆಂಬರ್ ಬಾಯ್ಡ್‌ಸ್ಟನ್ 2008ರ ತಮ್ಮ ಅಧ್ಯಯನದಲ್ಲಿ ಮರಣದಂಡನೆಯ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ದಶಕಗಳ ಕಾಲ ಪ್ರಕಟಿಸಿದ ಸುದ್ದಿಗಳನ್ನು ಒಂದೊಂದಾಗಿ ವರ್ಗೀಕರಿಸಿದರು. ನೀತಿ, ಸಂವಿಧಾನಗಳ ಚರ್ಚೆ ಹಿಂದೆ ಸರಿದು ‘ನಿರಪರಾಧಿಗೂ ಗಲ್ಲಾಗಬಹುದು’ ಎಂಬ ಚೌಕಟ್ಟು ಮುಂದೆ ಬಂದದ್ದನ್ನು ಅವರು ತೋರಿಸಿದರು. ಆ ಚೌಕಟ್ಟಿನ ಹಿಂದೆ 1992ರಲ್ಲಿ ಹುಟ್ಟಿದ ಇನೊಸೆನ್ಸ್ ಪ್ರಾಜೆಕ್ಟ್, ಡಿಎನ್‌ಎ ಪರೀಕ್ಷೆಗಳು, ಇಲಿನಾಯ್‌ನ ಪತ್ರಿಕೋದ್ಯಮ ವಿದ್ಯಾರ್ಥಿಗಳ ತನಿಖೆ, 2000ದಲ್ಲಿ ಅಲ್ಲಿನ ಗವರ್ನರ್ ಮರಣದಂಡನೆಗೆ ಕೊಟ್ಟ ತಡೆ ಎಲ್ಲವೂ ಇದ್ದವು. ಗ್ಯಾಲಪ್ ಸಮೀಕ್ಷೆಯಲ್ಲಿ 1994ರಲ್ಲಿ ಶೇ. 80ರಷ್ಟಿದ್ದ ಮರಣದಂಡನೆಯ ಬೆಂಬಲ 2024ರ ಹೊತ್ತಿಗೆ ಶೇ. 53ಕ್ಕೆ ಇಳಿಯಿತು. ಇಳಿಕೆಯ ಶ್ರೇಯಸ್ಸೆಲ್ಲ ಸಂಸ್ಥೆಗಳದ್ದಲ್ಲ. ಅದೇ ಅವಧಿಯಲ್ಲಿ ಅಪರಾಧಗಳೂ ಕಡಿಮೆಯಾದವು. ಅದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದು: ನಿರಪರಾಧಿಯ ಕಥೆ ಅಪರಾಧಿಯನ್ನು ಮುಟ್ಟುವುದಿಲ್ಲ. ತಪ್ಪು ಮಾಡಿದವನಿಗೂ ಹಕ್ಕುಗಳಿವೆ ಎಂದು ಆ ಚೌಕಟ್ಟಿಗೆ ಹೇಳಬೇಕಾಗಿ ಬರಲಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ವಿಚಾರಣಾಧೀನ ಕೈದಿಯ ಕಥೆ. 1979ರಲ್ಲಿ, ನಿವೃತ್ತ ಪೊಲೀಸ್ ಅಧಿಕಾರಿ ಕೆ. ಎಫ್. ರುಸ್ತಮ್‌ಜಿ ಬಿಹಾರದ ಜೈಲುಗಳ ಬಗ್ಗೆ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದದ್ದನ್ನು ಹಿಡಿದು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೈನಾರಾ ಖಾತೂನ್ ಪ್ರಕರಣ. ನಾಲ್ಕು ದಶಕ ಕಳೆದ ಮೇಲೆ, 2022ರ ಸಂವಿಧಾನ ದಿನದಂದು, ರಾಷ್ಟ್ರಪತಿ ದ್ರೌಪದಿ ಮುರ್ಮು ಬರೆದು ತಂದ ಭಾಷಣವನ್ನು ಬದಿಗಿಟ್ಟು ಸಣ್ಣಪುಟ್ಟ ತಪ್ಪಿಗೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವ ಬಡವರ ಬಗ್ಗೆ ಮಾತಾಡಿದರು. ಮರುವರ್ಷದ ಬಜೆಟ್ಟಿನಲ್ಲಿ ಬಡ ಕೈದಿಗಳಿಗೆ ನೆರವಿನ ಯೋಜನೆಯೂ ಬಂತು. ಕಾಮನ್‌ವೆಲ್ತ್ ಮಾನವ ಹಕ್ಕುಗಳ ಉಪಕ್ರಮ (ಸಿಎಚ್‌ಆರ್‌ಐ) ಮೊದಲಾದ ಸಂಸ್ಥೆಗಳು ಜೈಲು ಜೈಲು ಸುತ್ತಿ, ಜಿಲ್ಲಾ ಮಟ್ಟದ ವಿಚಾರಣಾಧೀನರ ಪರಿಶೀಲನಾ ಸಮಿತಿಗಳ ಬೆನ್ನುಬಿದ್ದು ಕಟ್ಟಿದ ಮಾತು ದೇಶದ ಪ್ರಥಮ ಪ್ರಜೆಯ ಬಾಯಿಗೆ ಬಂತು. ಕಥನ ಗೆದ್ದಿತು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಆದರೆ ಲೆಕ್ಕ ಹೇಳುವುದೇ ಬೇರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2014ರಲ್ಲಿ ಜೈಲಿನಲ್ಲಿದ್ದವರ ಪೈಕಿ ಶೇ. 67.6 ಮಂದಿ ವಿಚಾರಣಾಧೀನರಾಗಿದ್ದರು. 2022ರಲ್ಲಿ ಒಟ್ಟು 5,73,220 ಕೈದಿಗಳಲ್ಲಿ 4,34,302 ಮಂದಿ, ಅಂದರೆ ಶೇ. 75.8. ಕಥೆ ಹರಡಿದಷ್ಟೂ ಸಂಖ್ಯೆ ಏರಿತು! ಒಂದು ಇನ್ನೊಂದಕ್ಕೆ ಕಾರಣವೆಂದಲ್ಲ. ಮಾತು ಬದಲಾಗುವುದನ್ನೂ ಬದುಕು ಬದಲಾಗುವುದನ್ನೂ ಒಂದೇ ಕೋಷ್ಟಕದಲ್ಲಿ ತುಂಬಬಾರದು ಎನ್ನುವುದಕ್ಕೆ ಇದನ್ನು ಹೇಳಬೇಕಾಯಿತು.

ಈ ಗೆಲುವಿನ ಗಡಿ ಎಲ್ಲಿದೆ ಎಂಬುದು ಕಾನೂನಿನಲ್ಲೇ ಕಾಣುತ್ತದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದರೆ ಬಿಡುಗಡೆಗೆ ದಾರಿ ಮಾಡುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಹೊತ್ತವರಿಗೆ ಅದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇಲ್ಲ. ಕರುಣೆಗೆ ಅರ್ಹ ಕೈದಿ, ಅರ್ಹನಲ್ಲದ ಕೈದಿ ಎಂಬ ವಿಂಗಡಣೆ ಜನರ ಮನಸ್ಸಿನಲ್ಲಿ ಇದ್ದದ್ದೇ. ಸಂಸ್ಥೆಗಳ ಕಥನ ಅದನ್ನು ಅಳಿಸಲಿಲ್ಲ, ಅದರ ಒಂದು ಬದಿಯಲ್ಲಿ ನಿಂತು ಮಾತಾಡಿತು. ಹಾಗಾಗಿಯೇ ಬೆಳಿಗ್ಗೆ ಬಡ ಕೈದಿಗಾಗಿ ಮರುಗಿದವನು ಸಂಜೆ ಎನ್‌ಕೌಂಟರಿಗೆ ಶಿಳ್ಳೆ ಹೊಡೆಯಬಲ್ಲ. ಅವನ ಮಟ್ಟಿಗೆ ಇದರಲ್ಲಿ ವಿರೋಧಾಭಾಸವೇ ಇಲ್ಲ.

ಪೊಲೀಸರ ಮನಸ್ಸನ್ನೂ ನೋಡಬೇಕು. ಕಾಮನ್ ಕಾಸ್ ಮತ್ತು ಲೋಕನೀತಿ–ಸಿಎಸ್‌ಡಿಎಸ್ ಎಂಬ ಸಂಸ್ಥೆಗಳು 2019ರಲ್ಲಿ 21 ರಾಜ್ಯಗಳ ಸುಮಾರು 12,000 ಪೊಲೀಸ್ ಸಿಬ್ಬಂದಿಯನ್ನು ಮಾತಾಡಿಸಿದವು. ವಿಚಾರಣೆಗಿಂತ ಅಪಾಯಕಾರಿ ಅಪರಾಧಿಗಳನ್ನು ಕೊಲ್ಲುವುದೇ ಮೇಲು ಎಂದವರು ಐವರಲ್ಲಿ ಒಬ್ಬರು. ಸಣ್ಣ ಅಪರಾಧಕ್ಕೆ ಕೋರ್ಟು ಬೇಡ, ನಾವೇ ಸಣ್ಣ ಶಿಕ್ಷೆ ಕೊಡಬೇಕು ಎಂದವರು ಶೇ. 37. ಇವೇ ಸಂಸ್ಥೆಗಳ 2025ರ ವರದಿಯಲ್ಲಿ ಕೊಲ್ಲುವುದರ ಪರ ಇದ್ದವರು ಶೇ. 22. ಎರಡು ಸಮೀಕ್ಷೆಗಳ ಮಾದರಿ ಒಂದೇ ಅಲ್ಲ, ಆದ್ದರಿಂದ ಏರಿತೆಂದು ಹೇಳಲಾಗದು. ಇಳಿದ ಕುರುಹಿಲ್ಲ ಎಂದಷ್ಟೇ ಹೇಳಬಹುದು. ಆದರೂ ಈ ಸಂಸ್ಥೆಗಳದ್ದು ಅಪರೂಪದ ಸಾಮರ್ಥ್ಯ. ತಾವು ಬದಲಿಸಬಯಸುವ ಮನಸ್ಸು ಎಲ್ಲಿದೆ ಎಂದು ಮೊದಲು ಅಳೆದು ನೋಡುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ.

ಕಷ್ಟದ ಕಥೆಗೇ ಕೈಹಾಕಿದ್ದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ 39ಎ’. ಗಲ್ಲುಶಿಕ್ಷೆಗೆ ಗುರಿಯಾದ 373 ಕೈದಿಗಳ ಕುರಿತ ಅದರ 2016ರ ವರದಿ, ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರೆಂದು ತೋರಿಸಿತು. ಅವರು ನಿರಪರಾಧಿಗಳು ಎನ್ನುವ ವಾದವನ್ನು ಅದು ಹೂಡಲಿಲ್ಲ. ಅವರಿಗೂ ಒಂದು ಜೀವನಚರಿತ್ರೆ ಇದೆ ಎಂದಿತು. ಮನೋಜ್ ತೀರ್ಪಿನಲ್ಲಿ ನ್ಯಾಯಾಲಯ ಕೇಳಿದ್ದೂ ಅದನ್ನೇ. ಆದರೆ ಈ ಸಾಮರ್ಥ್ಯ ದುಡಿದದ್ದು ನ್ಯಾಯಾಲಯದ ಒಳಗೆ, ಇಂಗ್ಲಿಷಿನಲ್ಲಿ.

ಹೊರಗಿನ ಪರೀಕ್ಷೆ ಎಷ್ಟು ಕಠಿಣವೆಂಬುದು 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಕಂಡಿತು. ಐದು ವರ್ಷದ ಮಗುವಿನ ಕೊಲೆಯಾದ ದಿನವೇ, ಬಿಹಾರದಿಂದ ಬಂದಿದ್ದ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಜನ ಸಂಭ್ರಮಿಸಿದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಹೈಕೋರ್ಟಿಗೆ ಹೋಯಿತು. ಎನ್‌ಕೌಂಟರ್ ಸಾವುಗಳ ತನಿಖೆಗೆ ಸುಪ್ರೀಂ ಕೋರ್ಟ್ 2014ರಲ್ಲಿ ಹದಿನಾರು ಸೂಚನೆಗಳನ್ನು ಕೊಟ್ಟದ್ದೂ ಪಿಯುಸಿಎಲ್ ಹೂಡಿದ ದಾವೆಯಲ್ಲೇ. ಕಾನೂನಿನ ಬಲ ಅದಕ್ಕಿದೆ, ಚುರುಕೂ ಇದೆ. ಆದರೆ ಇಂಥ ದಿನ ಚಹಾದಂಗಡಿಯಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: ‘ನಿಮ್ಮ ಮನೆ ಮಗುವಿಗೆ ಹೀಗಾಗಿದ್ದರೆ?’ ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಇದಕ್ಕೆ ಉತ್ತರವಲ್ಲ. ಸರಿಯಾದ ಮಾತು, ಆದರೆ ಉತ್ತರವಲ್ಲ.

ಉತ್ತರಿಸಬಲ್ಲವರು ಇದ್ದಾರೆ. 2019ರಲ್ಲಿ ತೆಲಂಗಾಣ ಹೈಕೋರ್ಟಿಗೆ ಮನವಿ ಬರೆದು ನಾಲ್ವರ ಶವಗಳನ್ನು ಕಾಯ್ದಿರಿಸುವಂತೆ ಮಾಡಿದವರಲ್ಲಿ ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರೇ ಮುಂದಿದ್ದರು. ಅತ್ಯಾಚಾರ ಸಂತ್ರಸ್ತರ ಜೊತೆ ಠಾಣೆಗೂ ಕೋರ್ಟಿಗೂ ಅಲೆದ ಹೆಣ್ಣುಮಗಳು ‘ಈ ಗುಂಡಿನಿಂದ ನಮಗೆ ನ್ಯಾಯ ಸಿಗಲಿಲ್ಲ, ತನಿಖೆಯ ಹೊಣೆಯಿಂದ ಪೊಲೀಸರು ಪಾರಾದರು’ ಎಂದರೆ ಕೇಳುವವರು ಒಂದು ಗಳಿಗೆ ನಿಲ್ಲುತ್ತಾರೆ. ವಕೀಲರು ಹೇಳಿದರೆ ನಿಲ್ಲುವುದಿಲ್ಲ. ಆದರೆ ನ್ಯಾಯ ಸುಧಾರಣೆಯ ಸಂಸ್ಥೆಗಳ ಪಟ್ಟಿ ಮಾಡುವಾಗ ಮಹಿಳಾ ಸಂಘಟನೆಗಳನ್ನು ಬೇರೆ ಕಡತಕ್ಕೆ ಹಾಕುವುದು ರೂಢಿ. ಈ ವಿಷಯದಲ್ಲಿ ಅತಿ ಹೆಚ್ಚು ಕಥನಬಲ ಇರುವವರೇ ಮೌಲ್ಯಮಾಪನದ ಹೊರಗೆ ಉಳಿಯುತ್ತಾರೆ.

ಯಾರು ಹೇಳುತ್ತಾರೆ ಎಂಬುದರ ತೂಕಕ್ಕೆ ಇನ್ನೊಂದು ನಿದರ್ಶನವಿದೆ. 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಗಂಟಿಚೋರ್, ಹರಣಶಿಕಾರಿ ಮುಂತಾದ ಸಮುದಾಯಗಳನ್ನು ಕೂಡಿಹಾಕಿದ್ದ ಜಾಗದ ಹೆಸರು ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’. ಕಾಯ್ದೆ 1952ರಲ್ಲಿ ರದ್ದಾದರೂ ಗುಮಾನಿ ರದ್ದಾಗಲಿಲ್ಲ. ಇಂಥದೇ ಹಣೆಪಟ್ಟಿ ಹೊತ್ತ ಅಹಮದಾಬಾದಿನ ಛಾರಾ ಯುವಕರು 1998ರಲ್ಲಿ, ಅದೇ ವರ್ಷ ಪಶ್ಚಿಮ ಬಂಗಾಳದಲ್ಲಿ ಪೊಲೀಸ್ ವಶದಲ್ಲಿ ಸತ್ತ ಬುಧನ್ ಸಬರನ ಹೆಸರಿನಲ್ಲಿ ಬುಧನ್ ಥಿಯೇಟರ್ ಕಟ್ಟಿದರು. ಬೆನ್ನಿಗೆ ಲೇಖಕಿ ಮಹಾಶ್ವೇತಾ ದೇವಿ ಮತ್ತು ಮುಂದೆ ಧಾರವಾಡದಲ್ಲಿ ನೆಲೆಸಿದ ಭಾಷಾ ವಿದ್ವಾಂಸ ಗಣೇಶ್ ದೇವಿ ಇದ್ದರು. ಹುಟ್ಟಿನಿಂದಲೇ ಕಳ್ಳ ಎನಿಸಿಕೊಂಡವನು ಬೀದಿಯಲ್ಲಿ ನಿಂತು ತನ್ನ ಕಥೆ ತಾನೇ ಆಡಿ ತೋರಿಸುವುದಕ್ಕೆ ಸಾಟಿಯಾದ ವರದಿಯನ್ನು ನಾನು ಓದಿಲ್ಲ. ಸಿಬ್ಬಂದಿ, ಕಚೇರಿ, ಸಂವಹನ ತಂತ್ರ ಇವನ್ನು ಕೇಳುವ ಮೌಲ್ಯಮಾಪನ ನಮೂನೆಯಲ್ಲಿ ಇಂಥ ತಂಡಕ್ಕೆ ಸೊನ್ನೆ ಅಂಕ.

ಕನ್ನಡದ ಮಟ್ಟಿಗೆ ಕೊರತೆ ಇನ್ನೂ ನೇರವಾದದ್ದು. ನಮ್ಮ ಕ್ರೈಮ್ ಸುದ್ದಿಯ ಶೈಲಿ ಸಿದ್ಧವಾಗಿಯೇ ಇದೆ: ಖತರ್ನಾಕ್ ಕಳ್ಳ, ಹೆಡೆಮುರಿ ಕಟ್ಟಿದ ಪೊಲೀಸರು, ಸ್ಥಳ ಮಹಜರಿನ ವೇಳೆ ಹಲ್ಲೆ, ಕಾಲಿಗೆ ಗುಂಡೇಟು. ಠಾಣೆಯ ಟಿಪ್ಪಣಿಯೇ ಹೆಚ್ಚುಕಡಿಮೆ ಸುದ್ದಿಯಾಗುತ್ತದೆ, ಏಕೆಂದರೆ ರಾತ್ರಿ ಒಂಬತ್ತಕ್ಕೆ ಜಿಲ್ಲಾ ವರದಿಗಾರನಿಗೆ ಸಿಗುವುದು ಅದೊಂದೇ. ರಾಜ್ಯಗಳ ನ್ಯಾಯವ್ಯವಸ್ಥೆಗೆ ಶ್ರೇಯಾಂಕ ಕೊಡುವ ಇಂಡಿಯಾ ಜಸ್ಟಿಸ್ ರಿಪೋರ್ಟ್ ಇದಕ್ಕೆ ಹೊರತಾಗಬಹುದಿತ್ತು. ಬೆಂಗಳೂರಿನ ‘ದಕ್ಷ್’ ಸೇರಿದಂತೆ ಹಲವು ಸಂಸ್ಥೆಗಳು ಜೊತೆಗೂಡಿ ತರುವ ಈ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ 2020ರಲ್ಲಿ 14ನೆಯದಾಗಿತ್ತು, 2022ರಲ್ಲೂ 2025ರಲ್ಲೂ ಮೊದಲನೆಯದಾಯಿತು. ಶ್ರೇಯಾಂಕ ಸುದ್ದಿಯಾಗುತ್ತದೆ ಎಂಬ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ‘ನಂಬರ್ ಒನ್’ ಎಂಬುದು ಸರ್ಕಾರದ ಸಾಧನೆಯ ಪಟ್ಟಿಗೆ ಸೇರುವಷ್ಟು ಸುಲಭವಾಗಿ ಒಳಗಿನ ಪುಟಗಳ ಖಾಲಿ ಹುದ್ದೆಗಳ ಲೆಕ್ಕ ಚರ್ಚೆಗೆ ಬರುವುದಿಲ್ಲ. ಬಾಮ್‌ಗಾರ್ಟ್ನರ್ ತಂಡದ ವಿಧಾನವನ್ನು ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಅನ್ವಯಿಸಿ ನೋಡಬೇಕಾದ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೆ ಕಾದಿದೆ. ಸಂಸ್ಥೆಯ ಹೆಸರೇ ಇಲ್ಲದ ಸುದ್ದಿಯಲ್ಲಿ ಅದರ ಚೌಕಟ್ಟು ಕಾಣಿಸಿಕೊಳ್ಳುತ್ತಿದೆಯೇ? ಆರೋಪಿಯ ವಕೀಲರ ಒಂದು ವಾಕ್ಯವಾದರೂ ಇದೆಯೇ? ಎಣಿಸಬೇಕಾದದ್ದು ಇವನ್ನು, ಅದೂ ಎನ್‌ಕೌಂಟರ್ ನಡೆದ ವಾರದಲ್ಲಿ.

ಮಹಿಳಾ ಸಂಘಟನೆ, ಅಲೆಮಾರಿಗಳ ರಂಗತಂಡ, ಸಮೀಕ್ಷೆ ಮಾಡುವವರು, ದಾವೆ ಹೂಡುವವರು, ಜಿಲ್ಲಾ ವರದಿಗಾರರು ಇವರೆಲ್ಲರ ಬಲ ಒಂದೆಡೆ ಸೇರಿದರೆ ಮಾತ್ರ ಆ ವಾರವನ್ನು ಎದುರಿಸಲಾದೀತು. ಅಂದರೆ ಅಳೆಯಬೇಕಾದ ಘಟಕ ಒಂಟಿ ಸಂಸ್ಥೆಯಲ್ಲ, ಅವುಗಳ ನಡುವಿನ ನಂಟು. ಕಾನೂನು ಕತ್ತರಿ ಹಾಕಿರುವುದೂ ಅಲ್ಲಿಗೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. 2022ರಲ್ಲಿ ಸಿಎಚ್‌ಆರ್‌ಐನ ವಿದೇಶಿ ದೇಣಿಗೆ ನೋಂದಣಿಯೇ ರದ್ದಾಯಿತು. ಸದಸ್ಯರ ಚಂದಾ ಹಣದಲ್ಲೇ ನಡೆಯುವ, ಸಂಸ್ಥೆಗಳ ಹಣ ಮುಟ್ಟದ ಪಿಯುಸಿಎಲ್‌ಗೆ ಆ ಭಯವಿಲ್ಲ. ಆದರೆ ಇಡೀ ದಿನ ಮಾಧ್ಯಮದ ಕೆಲಸವನ್ನೇ ಮಾಡುವವರನ್ನು ನೇಮಿಸಿಕೊಳ್ಳುವ ಸ್ಥಿತಿಯೂ ಅದಕ್ಕಿಲ್ಲ. ಹಣಕಾಸಿನ ಈ ಎರಡು ಬಗೆಗಳ ನಡುವೆ ಸಹಕಾರ ನಡೆಯುತ್ತಿದ್ದರೆ ಅದು ಫೋನ್ ಕರೆಗಳಲ್ಲಿ, ಹಳೆಯ ಗೆಳೆತನಗಳಲ್ಲಿ, ಭಾನುವಾರದ ಸಭೆಗಳಲ್ಲಿ. ಅದರ ರಸೀದಿ ಯಾರ ಬಳಿಯೂ ಇರುವುದಿಲ್ಲ, ಹಾಗಾಗಿ ಯಾವ ಮೌಲ್ಯಮಾಪಕನ ಕೋಷ್ಟಕಕ್ಕೂ ಅದು ಬರುವುದಿಲ್ಲ. ಮೌಲ್ಯಮಾಪನವನ್ನು ಅಲ್ಲಿಂದಲೇ ಶುರುಮಾಡಬೇಕು: ಕಳೆದ ಎನ್‌ಕೌಂಟರಿನ ರಾತ್ರಿ ಈ ಸಂಸ್ಥೆಯವರು ಯಾರಿಗೆ ಫೋನ್ ಮಾಡಿದರು, ಆ ಕಡೆಯವರು ಎತ್ತಿಕೊಂಡರೇ ಎಂಬ ಪ್ರಶ್ನೆಯಿಂದ.