ಸಿಲೋನ್ ಮರುವಲಸಿಗರ ಪುನರ್ವಸತಿ

ಸಿಲೋನಿನ, ಎಂದರೆ ಇಂದಿನ ಶ್ರೀಲಂಕಾದ, ತೋಟಗಳಲ್ಲಿ ತಲೆಮಾರುಗಳಿಂದ ದುಡಿದು 1964ರ ಒಪ್ಪಂದದಂತೆ ಭಾರತಕ್ಕೆ ಬಂದ ತಮಿಳು ಕಾರ್ಮಿಕರಿಗೆ ನೆಲೆಯನ್ನೂ ಜೀವನೋಪಾಯವನ್ನೂ ಒದಗಿಸಲು ಸರ್ಕಾರಗಳು ಕೈಗೊಂಡ ಕಾರ್ಯಕ್ರಮ. ಕರ್ನಾಟಕದಲ್ಲಿ ಇದು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳ ರೂಪ ತಾಳಿತು.

ಇವರ ಹಿರಿಯರನ್ನು 19ನೆಯ ಶತಮಾನದಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮೊದಲು ಕಾಫಿ ತೋಟಗಳಿಗೂ, 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ನೆಲಕಚ್ಚಿಸಿದ ಮೇಲೆ ಚಹಾ ತೋಟಗಳಿಗೂ ಕರೆದೊಯ್ದವರು ಕಂಗಾಣಿಗಳು, ಅಂದರೆ ಮುಂಗಡ ಕೊಟ್ಟು ಆಳು ಕೂಡಿಸಿ ಅವರ ಮೇಲೆ ತಾವೇ ಮೇಸ್ತ್ರಿಗಳಾಗಿರುತ್ತಿದ್ದವರು. ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯಿದೆಯಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶದ ಪ್ರಜೆಗಳೂ ಅಲ್ಲದವರಾದರು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದವು ಸುಮಾರು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ಯಾರಿಗೆ ಯಾವ ದೇಶ ಬೇಕೆಂದು ಅರ್ಜಿ ಕರೆಯುವ ಮೊದಲೇ ಲೆಕ್ಕ ತೀರ್ಮಾನವಾಗಿತ್ತು.

ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದವರಿಗೆ ಮಂಡಪಂ ಶಿಬಿರ ಮೊದಲ ತಂಗುದಾಣವಾಗಿತ್ತು. ಹೆಚ್ಚಿನವರು ತಮಿಳುನಾಡಿನಲ್ಲೇ ನಿಂತರು. ನೀಲಗಿರಿಯಲ್ಲಿ ಇವರಿಗಾಗಿಯೇ ಸರ್ಕಾರಿ ಚಹಾ ತೋಟಗಳನ್ನು ಎಬ್ಬಿಸಲಾಯಿತು. ಸಾಲ ಸೌಲಭ್ಯಕ್ಕೆಂದು 1969ರಲ್ಲಿ ರೆಪ್ಕೊ ಬ್ಯಾಂಕ್ ಹುಟ್ಟಿತು. ಬರ್ಮಾದಿಂದ ಬಂದವರೂ ಅದರ ವ್ಯಾಪ್ತಿಯಲ್ಲಿದ್ದರು.

ಸುಳ್ಯದ ಕಡೆಗೆ ಕಳುಹಿಸಲ್ಪಟ್ಟವರಿಗೆ ದೊರೆತದ್ದು ರಬ್ಬರ್ ತೋಟದ ಕೂಲಿ ಕೆಲಸ ಮತ್ತು ವಾಸಕ್ಕೆ ಕ್ವಾರ್ಟರ್ಸ್. ಈ ತೋಟಗಳು 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತದಲ್ಲಿವೆ. ರಬ್ಬರ್ ಸಸಿ ಹಾಲು ಕೊಡಲು ಏಳು ವರ್ಷಗಳಷ್ಟು ಬೇಕು. ಆದ್ದರಿಂದ ಹೊಸ ತೋಟದಲ್ಲಿ ಮೊದಲಿಗಿರುವುದು ಕಾಡು ಸವರುವ, ಗುಂಡಿ ತೋಡುವ, ಕಳೆ ಕೀಳುವ ದುಡಿಮೆ. ಆಮೇಲಿನ ಟ್ಯಾಪಿಂಗ್, ಎಂದರೆ ಮರದ ಜೀವಪದರಕ್ಕೆ ಗಾಯವಾಗದಂತೆ ತೊಗಟೆಯನ್ನು ಓರೆಯಾಗಿ ತೆಳುವಾಗಿ ಕೆತ್ತಿ ಹಾಲು ಇಳಿಸುವ ಕೆಲಸ, ಚಹಾ ಚಿಗುರು ಚಿವುಟಿ ಪಳಗಿದ ಕೈಗೆ ಬೇರೆಯದೇ ವಿದ್ಯೆ. ಬಿಸಿಲೇರಿದರೆ ಹಾಲು ಕಡಿಮೆಯಾಗುವುದರಿಂದ ನಸುಕಿನಲ್ಲೇ ಮರದ ಬುಡದಲ್ಲಿರಬೇಕು, ಕರಾವಳಿಯ ಮಳೆಗಾಲದಲ್ಲಿ ಕೆಲಸ ಮತ್ತೆ ಮತ್ತೆ ನಿಲ್ಲುತ್ತದೆ.

ಯೋಜನೆ ಉದ್ಯೋಗ ಕೊಟ್ಟಿತು, ಭೂಮಿಯ ಒಡೆತನ ಕೊಡಲಿಲ್ಲ. ಒಂದು ತೋಟದ ಸಾಲುಮನೆಯಿಂದ ಬಂದ ಕುಟುಂಬ ಇನ್ನೊಂದು ತೋಟದ ವಸತಿಗೆ ಸೇರಿತು. ಜಾತಿ ಪ್ರಮಾಣಪತ್ರದ ತೊಡಕು ಮುಂದಿನ ಪೀಳಿಗೆಯನ್ನೂ ಕಾಡಿತು, ಏಕೆಂದರೆ ಇವರಲ್ಲಿ ಅನೇಕರು ಪರಿಶಿಷ್ಟ ಸಮುದಾಯದವರಾದರೂ ಆ ಸ್ಥಾನಮಾನವನ್ನು ಕಾನೂನು ಮೂಲ ರಾಜ್ಯಕ್ಕೆ ಕಟ್ಟಿಹಾಕುತ್ತದೆ. ಶ್ರೀಲಂಕಾದಲ್ಲಿ 1983ರಲ್ಲಿ ತಮಿಳರ ಮೇಲೆ ನಡೆದ ಹಿಂಸೆಯ ನಂತರ ಓಡಿಬಂದ ನಿರಾಶ್ರಿತರೊಂದಿಗೆ ಇವರನ್ನು ಬೆರೆಸಿ ಹೇಳುವುದೂ ರೂಢಿಯಲ್ಲಿದೆ. ಆದರೆ ಇವರು ಬಂದದ್ದು ಭಾರತದ ಪ್ರಜೆಗಳಾಗಿಯೇ. ‘ಮರುವಲಸೆ’ ಎಂಬ ಪದವೂ ಪೂರ್ತಿ ಹೊಂದುವುದಿಲ್ಲ. 1990ರಲ್ಲಿ ಕುವೈತಿನಿಂದ ವಿಮಾನದಲ್ಲಿ ಕರೆತರಲಾದ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಹೆಚ್ಚಿನವರಿಗೆ ಹಿಂದಿರುಗಲು ಊರು, ಮನೆ, ಬಂಧುಗಳಿದ್ದರು. ಸಿಲೋನಿನಲ್ಲೇ ಹುಟ್ಟಿದ ಕಾರ್ಮಿಕನಿಗೆ ಸುಳ್ಯವಿರಲಿ, ಹಿರಿಯರ ನಾಡಿನ ತಿರುಚಿರಾಪಳ್ಳಿಯೂ ಕೇಳಿ ತಿಳಿದ ಊರಷ್ಟೇ.

1980ರ ದಶಕದಲ್ಲಿ ಶ್ರೀಲಂಕಾದ ಅಂತರ್ಯುದ್ಧದಿಂದ ರಾಮೇಶ್ವರಕ್ಕೆ ಬರುತ್ತಿದ್ದ ಹಡಗು ನಿಂತಿತು. ಭಾರತದ ಪಾಲಿಗೆ ಎಣಿಸಲ್ಪಟ್ಟೂ ಅಲ್ಲೇ ಉಳಿದವರಿಗೆ 2003ರಲ್ಲಿ ಶ್ರೀಲಂಕಾ ಸಂಸತ್ತು ಹೊಸ ಕಾಯಿದೆಯ ಮೂಲಕ ತನ್ನ ಪೌರತ್ವ ನೀಡಿತು.